ರಾಗಿ ಬಿಸ್ಕತ್ತೂ ಬೆಣ್ಣೆ ಕಳ್ಳಿಯೂ

ಲಾಕ್‌ಡೌನ್ ಕಾಲದಲ್ಲಿ ಟೀವಿಯವರು ಎದ್ದರೆ ಯುದ್ಧ, ಕೂತರೆ ಯುದ್ಧ ಅನ್ನೋರು. ಇರಲಿ ಬಿಡ್ರಿ, ಯುದ್ಧಾನೇ. ಆ ಯುದ್ಧದಲ್ಲಿ ಹೊಳಲ್ಕೆರೆಯ ನಮ್ಮ ಮನೆಗೆ ಬಿದ್ದ ಏಟು ಅಂದರೆ, ನಮ್ಮ ಅತ್ತೆಗೆ ಬೆಣ್ಣೆ ಬಿಸ್ಕತ್ತು ಸಿಗದೆ ಹೋದದ್ದು.

ನಗಬ್ಯಾಡ್ರಿ. ಅತ್ತೆಗೆ ಟೈಫಾಯ್ಡ್ ಆಗಿತ್ತು. ಜ್ವರ ಬಿಟ್ಟು ಹೋಯಿತು, ಹೋಗುವಾಗ ಹಸಿವನ್ನೂ ಕರ್ಕೊಂಡು ಹೋಯಿತು. ಮುದ್ದೆ ಕಂಡರೆ ಮುಖ ತಿರುಗಿಸೋರು, ಗಂಜಿ ಕೊಟ್ಟರೆ ಬಾಯಿ ಬಿಗಿಯೋರು. ಗೋಡೆ ಕಡೆ ಮುಖ ಮಾಡಿ ಮಲಗಿದವರು ಏಳಲೇ ಇಲ್ಲ. "ಹೊಟ್ಟೆಗೆ ಏನಾದ್ರೂ ಬೀಳದಿದ್ರೆ ಕಷ್ಟ ಐತೆ" ಅಂತ ಡಾಕ್ಟರು ಫೋನಿನಲ್ಲೇ ಹೇಳಿ ಇಟ್ಟರು. ಮದುವೆಯಾಗಿ ಬಂದಾಗಿನಿಂದ ನನ್ನ ಅಡುಗೆಯಲ್ಲಿ ಹುಳುಕು ಹುಡುಕಿದ ಹೆಂಗಸು ಈಗ ಅದನ್ನೂ ಬಿಟ್ಟು ಮಲಗಿದ್ದು ನೋಡಿ ನನಗೆ ನಿಜವಾಗಲೂ ಹೆದರಿಕೆ ಆಯಿತು. ಅವರು ಕೇಳಿದ್ದು ಒಂದೇ, ಟೀಗೆ ಅದ್ದಿ ತಿನ್ನೋಕೆ ಬೆಣ್ಣೆ ಬಿಸ್ಕತ್ತು. ಬೇಕರಿಗೆ ಬೀಗ ಬಿದ್ದಿತ್ತು.

"ಮನೇಲೇ ಮಾಡೇ, ಫೋನಿನಾಗೆ ಎಲ್ಲಾ ಐತೆ" ಅಂದರು ನಮ್ಮನೆಯವರು. ಹೌದು, ಫೋನಿನಾಗೆ ಎಲ್ಲಾ ಇತ್ತು: ಮೈದಾ, ಬೆಣ್ಣೆ, ಸಕ್ಕರೆ ಪುಡಿ, ಓವನ್ನು. ಮನೇಲಿ ಇದ್ದದ್ದು ರಾಗಿ ಹಿಟ್ಟು, ಬೆಲ್ಲ, ಕಡ್ಲೆಕಾಯಿ ಎಣ್ಣೆ, ಮತ್ತೆ ಸಲಹೆ ಕೊಡೋ ಗಂಡ. ಅಂಗಡೀಲಿ ಮೈದಾ ಮುಗಿದಿತ್ತು. ಬೆಣ್ಣೆ ತರುತ್ತಿದ್ದ ತಾಳ್ಯದ ಅಜ್ಜಿಗೆ ಬಸ್ಸಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತ ನನ್ನನ್ನೇ ಬೈಕೊಂಡು ಹಿಟ್ಟು ಕಲಸಿದೆ.

ಪಕ್ಕದವರು ಮನೆ ಕಟ್ಟೋಕೆ ಹಾಕಿಸಿದ್ದ ಮರಳನ್ನ ಬಾಣಲಿಗೆ ಸುರಿದು ಕಾಯಿಸಿ, ಅದರ ಮೇಲೆ ತಟ್ಟೆ ಇಟ್ಟು ಮುಚ್ಚಿದೆ. ಅದೇ ನಮ್ಮ ಓವನ್ನು. ಮೊದಲನೇದು ತಳ ಸೀದು ಮೇಲೆ ಹಸಿ ಉಳಿಯಿತು. ಎರಡನೇದನ್ನ ನಮ್ಮನೆಯವರು ಕಡಿದು ನೋಡಿ, "ದುರ್ಗದ ಕೋಟೆಗೆ ಕಲ್ಲು ಕಮ್ಮಿ ಬಿದ್ರೆ ಕಳಿಸಾಣ" ಅಂದರು. ಆಹಾ, ಎಂಥಾ ಜಾಣತನ! ತಟ್ಟೆ ಕಿತ್ತುಕೊಂಡು ಮೂರನೇದಕ್ಕೆ ಎಣ್ಣೆ ಜಾಸ್ತಿ ಸುರಿದೆ. ಅದು ಬಿಸ್ಕತ್ತಿನ ಹಂಗೆ ಕಂಡಿತು.

ಟೀ ಜೊತೆ ಕೊಟ್ಟೆ. ಅತ್ತೆ ಮೂಸಿ ನೋಡಿ, ಒಂದು ಚೂರು ಕಡಿದು, ಉಳಿದದ್ದನ್ನ ತಟ್ಟೆಗೆ ಹಾಕಿದರು.

"ಬೆಣ್ಣೆ ಎಲ್ಲಿ ಹೋಯ್ತೇ?"

"ಬೆಣ್ಣೆ ಇಲ್ಲ ಅತ್ತೆ, ಎಣ್ಣೆ ಹಾಕೀನಿ."

"ನನ್ನ ಕಿವಿಗೆ ಹೂ ಇಡಬ್ಯಾಡ. ಕದ್ದಿದೀಯ."

ನಮ್ಮ ಕಡೆ ಹಬ್ಬಕ್ಕೆ ಬಿಸ್ಕತ್ತು ಬೇಕಂದರೆ ಮೈದಾ, ಸಕ್ಕರೆ, ಬೆಣ್ಣೆ ನಾವೇ ಬೇಕರಿಗೆ ಒಯ್ದು ಮಾಡಿಸ್ಕೊಂಡು ಬರೋದು. ಅಲ್ಲಿ ಅತ್ತೆ ಸ್ಟೂಲು ಹಾಕ್ಕೊಂಡು ಕೂತು, ಬೇಕರಿಯವನು ನಮ್ಮ ಬೆಣ್ಣೆ ಕದಿಯದಂಗೆ ಕಾಯೋರು. ಮುರಿದ ಬಿಸ್ಕತ್ತು ಕಂಡರೆ ಪರೀಕ್ಷೆ ಅಂತ ಬಾಯಿಗೆ ಹಾಕ್ಕೊಳ್ಳೋರು. ಆ ಮನುಷ್ಯ ಒಂದು ಸಲವೂ ಸಿಕ್ಕಿಬೀಳಲಿಲ್ಲ. ಅವನು ಪಕ್ಕಾ ಕಳ್ಳ ಅನ್ನೋದಕ್ಕೆ ಅತ್ತೆಗೆ ಅಷ್ಟು ಸಾಕ್ಷಿ ಸಾಕಾಗಿತ್ತು.

ಈಗ ಇಲ್ಲದ ಬೆಣ್ಣೆ ಕದ್ದ ಕೀರ್ತಿ ನನಗೆ ಬಂತು. ಮೈಯೆಲ್ಲಾ ಉರಿದುಹೋಯಿತು. "ನಾಳೆ ನೀವೇ ಬಂದು ನೋಡ್ರಿ" ಅಂತ ಲೋಟ ಕುಕ್ಕಿ ಎದ್ದು ಬಂದೆ.

ಬಂದೇ ಬಿಟ್ಟರು! ಮರುದಿನ ಗೋಡೆ ಹಿಡ್ಕೊಂಡು, ಏದುಸಿರು ಬಿಡ್ತಾ ಅಡುಗೆಮನೆಗೆ ಬಂದು ನಿಂತರು. ನಮ್ಮನೆಯವರು ಓಡಿ ಹೋಗಿ ಕುರ್ಚಿ ತಂದರು.

"ಕುರ್ಚಿ ಬ್ಯಾಡ, ಸ್ಟೂಲು ತಾರೋ. ಕುರ್ಚೀಲಿ ಕುಂತ್ರೆ ನಿದ್ದೆ ಬರ್ತೈತೆ, ಇವಳು ಅದನ್ನೇ ಕಾಯ್ತಾಳೆ."

ಕಲಸೋದು, ತಟ್ಟೋದು, ಬೇಯಿಸೋದು, ಎಲ್ಲಾ ಕಣ್ಣು ಮಿಟುಕಿಸದೆ ನೋಡಿದರು. ಮುರಿದದ್ದೊಂದನ್ನ ಎತ್ಕೊಂಡು "ಉಪ್ಪು ಕಮ್ಮಿ" ಅಂದರು, ತಿಂದರು. ಇನ್ನೊಂದಕ್ಕೆ "ಬೆಲ್ಲ ಕಮ್ಮಿ" ಅಂದರು, ಅದನ್ನೂ ತಿಂದರು. ನಾನು ಕೈ ತಪ್ಪಿದಂಗೆ ಇನ್ನೊಂದೆರಡು ಮುರಿದೆ. "ಥೂ, ಹಾಳು ಕೈ" ಅಂತ ಬೈದು ಅವನ್ನೂ ಮುಗಿಸಿದರು. ನಾನು ಒಲೆ ಕಡೆ ತಿರುಗಿ ಕಣ್ಣು ಒರೆಸ್ಕೊಂಡೆ. ಬೈಗುಳ ಕೇಳಿ ಅಷ್ಟು ಖುಷಿಪಟ್ಟ ಸೊಸೆ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ.

ಕೊನೆಗೆ ಅತ್ತೆ ಮಂಡಿ ಹಿಡ್ಕೊಂಡು ಎದ್ದರು. "ಕದ್ದಿಲ್ಲ ಬಿಡು. ನಾಳೆ ನೀನೇ ಮಾಡ್ಕೋ, ನಾನು ಮಲಗ್ತೀನಿ."

ಮತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರೆ ಏನು ಗತಿ? ಅವರಿಗೆ ಚೆನ್ನಾಗಿ ಕಾಣೋ ಹಂಗೆ ಒಂದು ಉಂಡೆ ಬೆಲ್ಲ ಎತ್ತಿ ಸೆರಗಿನಲ್ಲಿ ಗಂಟು ಹಾಕ್ಕೊಂಡೆ.

"ಲೇ ಕಳ್ಳೀ!" ಅಂತ ಅತ್ತೆ ಮತ್ತೆ ಸ್ಟೂಲಿನ ಮೇಲೆ ಕುಂತರು.