ಸಂತನ ಪಾಲಿನ ಗುಟುಕು
ಕೊನ್ಸೆಪ್ಸಿಯೋನ್ ಬಂದರಿನ ಔಷಧಿ ಅಂಗಡಿಯ ಡಾನ್ ಕ್ರಿಸ್ಪುಲೊಗೆ ನೀರಿಲ್ಲದ ಚಾಕೊ ಕಾಡಿನ ಯುದ್ಧವೆಂದರೆ ಮನೆಮದುವೆಯ ಸಡಗರ. ಮೀಸೆಗೆ ಎಣ್ಣೆ ಹಚ್ಚಿಕೊಂಡು, ಸಿಪಾಯಿಗಳನ್ನು ಹೊತ್ತ ಒಂದು ಹಡಗನ್ನೂ ಬಿಡದೆ ಬೀಳ್ಕೊಡುತ್ತಿದ್ದ. "ಬಾಯಾರಿಕೆಯಂತೆ! ಗಂಡುಮಕ್ಕಳಿಗೆ ನೀರ್ಯಾಕ್ರೇ, ರೋಷ ಸಾಕು!" ಎಂದು ಅಳುವ ತಾಯಂದಿರನ್ನೇ ಗದರುತ್ತಿದ್ದ. ಸಂಜೆ ಗೆಳೆಯರ ನಡುವೆ ತಣ್ಣೀರಲ್ಲಿ ಎಲೆ ನೆನೆಸಿದ ತೆರೆರೆ ಪಾನೀಯ ತುಂಬಿದ ಕೊಂಬಿನ ಲೋಟ ಸುತ್ತುವಾಗ, ಸಂತ ತೋಮಾಸನ ಪಾಲೆಂದು ಯಾರೂ ಕುಡಿಯದೆ ಬಿಡುವ ಮೊದಲ ಗುಟುಕನ್ನೂ, "ಸಂತನಿಗ್ಯಾಕೆ ದಂಡ, ಇಲ್ಲಿ ಕೊಡು" ಎಂದು ಕಿತ್ತುಕೊಂಡು ಹೀರುತ್ತಿದ್ದ. ಮಗ ಎಲಾಡಿಯೊ ಚಾಕೊದ ಮುಳ್ಳುಕಾಡಿನಲ್ಲಿ ನೀರಿಲ್ಲದೆ ಸತ್ತನೆಂಬ ಸುದ್ದಿ ಬಂದಮೇಲೆ, ತನ್ನ ಸರದಿಯ ಲೋಟವನ್ನೆಲ್ಲ ನೆಲಕ್ಕೆ ಸುರಿಯುತ್ತಾನೆ. "ನೀವೂ ಒಂದು ಗುಟುಕು ಕುಡೀರಿ" ಎಂದು ಗೆಳೆಯರೆಂದರೆ, "ಮೊದಲು ನನ್ನ ಮಗ ಕುಡೀಲಿ" ಎನ್ನುತ್ತಾನೆ. ಅಷ್ಟರಲ್ಲಿ ಹಡಗು ಕೂಗಿತೋ, ಒಣಗಿ ಒಡೆದ ತುಟಿ ಹೊತ್ತು ಬಂದರಿಗೆ ಓಡಿ, ಅಳುವ ತಾಯಂದಿರನ್ನು ಗದರುತ್ತಾನೆ: "ನೀರ್ಯಾಕ್ರೇ, ರೋಷ ಸಾಕು!"