ವೆಂಕಟಲಕ್ಷ್ಮಮ್ಮನವರ ವಜ್ರದ ಓಲೆ

ವೆಂಕಟಲಕ್ಷ್ಮಮ್ಮನವರ ವಜ್ರದ ಓಲೆಯಲ್ಲಿ ದೋಷ ಇರಲಿಲ್ಲ. ನಾನು ಇದೆ ಎಂದೆ. ಮಾತು ಬಾಯಿಂದ ಬಿದ್ದ ಸ್ವಲ್ಪ ಹೊತ್ತಿಗೇ ಅದು ತಪ್ಪು ಎಂದು ನನಗೆ ಗೊತ್ತಾಯಿತು—ಆಕೆ ಇನ್ನೂ ನನ್ನೆದುರಿಗೇ ಕೂತಿದ್ದರು—ಆದರೂ ತಿದ್ದಲಿಲ್ಲ. ಆ ದಿನ ತಿದ್ದಲಿಲ್ಲ, ಆಮೇಲೆ ಹನ್ನೊಂದು ವರ್ಷ ತಿದ್ದಲಿಲ್ಲ. ಹೇಳಬೇಕಾದದ್ದು ಇಷ್ಟೇ. ಇಷ್ಟನ್ನೇ ಆಕೆಗೆ ಬಾಯಿಬಿಟ್ಟು ಹೇಳಿಯೂ ಬಂದೆ, ಸಾಕಾಗಲಿಲ್ಲ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ.

ನಾನು ಕೋಲಾರದ ಒಂದು ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವನು. ಹರಳು ನೋಡುವುದು ನನ್ನ ಕಸುಬಲ್ಲ. ಓದುವ ಕಾಲದಲ್ಲಿ ಮದರಾಸಿನಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಅವರು ಹರಳಿನ ವ್ಯಾಪಾರದವರು. ಅವರ ಪಕ್ಕದಲ್ಲಿ ಕೂತು ಕೂತು ನನ್ನ ಕಣ್ಣೂ ಪಳಗಿತು. ಕೋಲಾರಕ್ಕೆ ಬಂದ ಮೇಲೆ ಯಾರದೋ ಮನೆಯ ಓಲೆ ನೋಡಿ, 'ಇದು ವಜ್ರ ಅಲ್ಲ, ಬಿಳಿ ಪುಷ್ಯರಾಗ' ಎಂದೆ. ವಿಚಾರಿಸಿದರೆ ಹಾಗೇ ಆಗಿತ್ತು. ಅಲ್ಲಿಂದ ಶುರು. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ, ಬೈರಕೂರಿನ ಕಡೆಯಿಂದಲೂ ಮದುವೆ ಗೊತ್ತಾದವರು ಓಲೆ ಗಂಟು ಕಟ್ಟಿಕೊಂಡು ನಮ್ಮ ಜಗಲಿಗೆ ಬರತೊಡಗಿದರು. ಯಾರಿಂದಲೂ ಏನನ್ನೂ ಮುಟ್ಟಲಿಲ್ಲ. ಕಾಫಿಯನ್ನೂ ನಾವೇ ಕೊಟ್ಟು ಕಳಿಸುತ್ತಿದ್ದೆವು. 'ಕೋಲಾರದ ಮೇಷ್ಟ್ರು ನೋಡಿದಾರೆ' ಎಂದರೆ ಮುಗಿಯಿತು, ಬೀಗರು ಎರಡನೇ ಮಾತಾಡುತ್ತಿರಲಿಲ್ಲ. ಕೈಯೊಡ್ಡದವನಿಗೆ ಹೆಸರಿನ ಹಸಿವು ಎಷ್ಟಿರುತ್ತದೆ ಎಂದು ಯಾರಿಗೆ ಗೊತ್ತಿತ್ತು—ನನಗೇ ಗೊತ್ತಿರಲಿಲ್ಲ.

ನೋಡುವುದಕ್ಕೆ ನನ್ನದೇ ಕ್ರಮವಿತ್ತು. ಬೆಳಗ್ಗೆ ಎಂಟು ಗಂಟೆಯ ಮೇಲೆ, ಉತ್ತರದ ಬೆಳಕಿನಲ್ಲಿ ಮಾತ್ರ. ದೀಪದ ಬೆಳಕಿನಲ್ಲಿ ಗಾಜಿನ ಚೂರೂ ಮಿನುಗುತ್ತದೆ. ಮೊದಲು ಓಲೆಯನ್ನು ಅಂಟುವಾಳದ ನೀರಿನಲ್ಲಿ ನೆನೆಹಾಕಿ, ಹಳೆಯ ಮಲ್ಲು ಪಂಚೆಯ ಚೂರಿನಲ್ಲಿ ಒರೆಸಿ ಒಣಗಿಸುವುದು. ಆಮೇಲೆ ಭೂತಗನ್ನಡಿ. ಬಲಗಣ್ಣಿಗೆ ಹಿಡಿದು ನೋಡುವುದು ರೂಢಿ. ನೋಡಿ ಮುಗಿಸಿ ಹೆಣ್ಣುಮಕ್ಕಳಿಗೆ ಪಾಠವನ್ನೂ ಹೇಳುತ್ತಿದ್ದೆ—ಎಣ್ಣೆನೀರಿನ ದಿನ ಓಲೆ ಬಿಚ್ಚಿಡಿ, ಎಣ್ಣೆ ಹರಳಿನ ಹಿಂದಕ್ಕೆ ಇಳಿದರೆ ಮಂಕಾಗುತ್ತದೆ. ತಿರುಪು ಸಡಿಲವಾಗಿದೆಯೇ ಎಂದು ಆಗಾಗ ಮುಟ್ಟಿ ನೋಡಿಕೊಳ್ಳಿ. ಬೇರೆ ಒಡವೆಯ ಜೊತೆ ಒಂದೇ ಡಬ್ಬಿಯಲ್ಲಿ ಹಾಕಬೇಡಿ, ವಜ್ರ ಮಿಕ್ಕದ್ದನ್ನೆಲ್ಲ ಗೀರಿಬಿಡುತ್ತದೆ. ಮೇಷ್ಟ್ರಲ್ಲವೇ, ಪಾಠ ಹೇಳದೆ ಇರಲು ಬರುತ್ತಿರಲಿಲ್ಲ. ಆದರೆ ಸೋದರಮಾವ ನನಗೆ ಹೇಳಿಕೊಟ್ಟ ಮೊದಲ ಪಾಠವನ್ನು ನಾನು ಯಾರಿಗೂ ಹೇಳಿಕೊಡಲಿಲ್ಲ. ಕಲ್ಲನ್ನು ತಿರುಗಿಸಿದರೆ ಕಲೆಯೂ ಜೊತೆಗೆ ತಿರುಗಬೇಕು. ತಿರುಗದಿದ್ದರೆ ಅದು ಕಲ್ಲಿನ ಕಲೆ ಅಲ್ಲ.

ಜನ ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದದ್ದು ಕಾಕಪಾದಕ್ಕೆ. ಹರಳಿನೊಳಗೆ ಕಾಗೆಯ ಕಾಲಿನ ಗುರುತಿನಂತೆ ಮೂರು ಕಪ್ಪು ಗೆರೆ. ಅಂಥ ಕಲ್ಲನ್ನು ಮುತ್ತೈದೆ ಹಾಕಿಕೊಂಡರೆ ಗಂಡನಿಗೆ ಕೇಡು ಎಂದು ನಮ್ಮ ಕಡೆ ನಂಬಿಕೆ. ನೀವು ಅದನ್ನು ನಂಬಿದ್ದಿರಾ ಎಂದು ಕೇಳಿದರೆ... ಪೂರ್ತಿ ನಂಬಿರಲಿಲ್ಲ. ಪೂರ್ತಿ ನಂಬಿದವರ ಮುಂದೆ ಗಂಭೀರವಾಗಿ ತಲೆಯಾಡಿಸುತ್ತಿದ್ದೆ, ಅಷ್ಟು ಮಾತ್ರ ನಿಜ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ನಾಲ್ಕೈದು ವರ್ಷ ಮುಂಚಿನ ಮಾತು. ಶ್ರೀನಿವಾಸಪುರದಿಂದ ತಾಯಿ ಮಗಳು ಬಂದರು. ತಾಯಿ ವೆಂಕಟಲಕ್ಷ್ಮಮ್ಮ. ಗಂಡ ಹತ್ತಿರದ ಹಳ್ಳಿಯೊಂದರ ಶ್ಯಾನುಭೋಗರಾಗಿದ್ದು ತೀರಿಕೊಂಡಿದ್ದರು. ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆ ಪಕ್ಕ ಮುದುಡಿ ಕೂತರು. ಮಗಳು ಕಮಲ, ಹದಿನಾರು ಹದಿನೇಳು ಇರಬಹುದು. ಮಾಲೂರಿನಲ್ಲಿ ಸಂಬಂಧ ಗೊತ್ತಾಗಿತ್ತು. ತಾಯಿಯ ಒಂಟಿಕಲ್ಲಿನ ವಜ್ರದ ಓಲೆಯನ್ನು ಮಗಳಿಗೆ ಇಡುತ್ತೇವೆ ಎಂದಿದ್ದಕ್ಕೆ, ಒಂದು ಸಲ ಮೇಷ್ಟ್ರಿಗೆ ತೋರಿಸಿಬಿಡಿ ಎಂದು ಬೀಗರು ಹೇಳಿ ಕಳಿಸಿದ್ದರು.

ಅಂಟುವಾಳದ ನೀರು, ಪಂಚೆಯ ಚೂರು, ಎಲ್ಲ ಆಯಿತು. ಒಂದು ಓಲೆ ತೆಗೆದುಕೊಂಡು ಭೂತಗನ್ನಡಿ ಹಿಡಿದೆ. ನಡುವಿಗೆ ಸ್ವಲ್ಪ ಕೆಳಗೆ ಮೂರು ಕಪ್ಪು ಗೆರೆ. ಒರೆಸಿ ನೋಡಿದೆ, ಹೋಗಲಿಲ್ಲ. ಹಾಗೆ ನೋಡಿದರೆ ಕೆಲವು ತಿಂಗಳಿಂದ ನನಗೆ ಓದುವಾಗ ಅಕ್ಷರ ಮಸುಕಾಗುತ್ತಿತ್ತು, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳುವುದು ಹೇಗೆ? ಕಣ್ಣಿಗೇ ಹೆಸರಾದವನು ಕಣ್ಣು ಕಾಣುವುದಿಲ್ಲ ಎನ್ನುವುದು...

"ಇದರಲ್ಲಿ ಕಾಕಪಾದ ಇದೆ. ಹುಡುಗಿಗೆ ಹಾಕಬೇಡಿ" ಎಂದೆ.

ಎದುರಿಗೆ ಕೂತವರು ವಿಧವೆ ಎಂದು ಕಾಣುತ್ತಿತ್ತು. ಆ ಓಲೆಯನ್ನು ಯಾರು ಹಾಕಿಕೊಂಡಿದ್ದರು, ಎಷ್ಟು ದಿನ, ಆಮೇಲೆ ಏನಾಯಿತು—ಯಾವುದನ್ನೂ ಕೇಳಲಿಲ್ಲ. ಕೇಳಿದ್ದರೆ ಮಾತನ್ನು ಸ್ವಲ್ಪ ಮೆತ್ತಗಾದರೂ ಆಡುತ್ತಿದ್ದೆನೇನೋ. ಆಕೆಯ ಮನೆಮಾತು ತೆಲುಗು. ಮೆಲ್ಲಗೆ, ತಮಗೆ ತಾವೇ ಅಂದುಕೊಂಡಂತೆ, "ನೇನೇನಾ?" ಎಂದರು. ನಾನೇನಾ? ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ನಾನೇ ಹಟ ಮಾಡಿ ತರಿಸ್ಕೊಂಡಿದ್ದು ಮೇಷ್ಟ್ರೇ. ಅವ್ರು ಬೇಡ ಅಂದಿದ್ರು. ನಾನು ಹಾಕ್ಕೊಂಡು ವರ್ಷ ತುಂಬ್ಲಿಲ್ಲ, ಜ್ವರ ಬಂತು, ಮೂರೇ ದಿನ."

ಆ ಮುಖ ನೋಡಲಾರದೆ ಎರಡನೇ ಓಲೆ ಎತ್ತಿಕೊಂಡೆ. ಅದರಲ್ಲೂ ಮೂರು ಗೆರೆ. ಅದೇ ಅಳತೆ, ಅದೇ ಜಾಗ. ಎರಡು ಕಲ್ಲಿಗೆ ಒಂದೇ ಜಾಗದಲ್ಲಿ ಒಂದೇ ಕಲೆ ಇರುವುದು ಸಾಧ್ಯವಿಲ್ಲ ಎಂದು ನನಗೆ ಗೊತ್ತಿತ್ತು. ತಿರುಪಿನ ಕಡ್ಡಿ ಹಿಡಿದು ಮೆಲ್ಲಗೆ ತಿರುಗಿಸಿದೆ. ಕಲ್ಲು ತಿರುಗಿತು. ಗೆರೆ ಇದ್ದಲ್ಲೇ ಇತ್ತು.

ಎಡಗಣ್ಣಿಗೆ ಭೂತಗನ್ನಡಿ ಹಿಡಿದಿದ್ದರೆ ಆ ಕ್ಷಣವೇ ಇತ್ಯರ್ಥವಾಗುತ್ತಿತ್ತು. ಹಿಡಿಯಲಿಲ್ಲ. 'ತಾಳಿ ಅಮ್ಮ, ನನ್ನ ಕಣ್ಣಿಗೇ ಏನೋ ಆಗಿದೆ'—ಇಷ್ಟು ಹೇಳಲು ಎಷ್ಟು ಉಸಿರು ಬೇಕು? ಕಮಲ ನನ್ನ ಕೈಯನ್ನೇ ನೋಡುತ್ತಿದ್ದಳು. ಓಲೆಯನ್ನು ತಟ್ಟೆಯಲ್ಲಿಟ್ಟು, ಎರಡರಲ್ಲೂ ಇದೆ ಎಂದು ತಲೆಯಾಡಿಸಿದೆ. ಆ ಹುಡುಗಿ, "ಏಳಮ್ಮ, ಹೋಗೋಣ" ಎಂದು ತಾಯಿಯ ತೋಳು ಹಿಡಿದು ಎಬ್ಬಿಸಿದಳು. ಅವರು ಕಾಫಿಯನ್ನೂ ಕುಡಿಯದೆ ಹೋದರು.

ಅದೇ ಮಧ್ಯಾಹ್ನ ಊಟಕ್ಕೆ ಕೂತಾಗ ಅನ್ನದಲ್ಲಿ ಕೂದಲು ಇದೆ ಎಂದು ಹೆಂಡತಿಯ ಮೇಲೆ ರೇಗಿದೆ. ಅವಳು ಬಗ್ಗಿ ನೋಡಿ, "ಎಲ್ಲಿದೆ ತೋರ್ಸಿ, ಬೆರಳಿಟ್ಟು ತೋರ್ಸಿ" ಎಂದಳು. ಬೆರಳಿಟ್ಟೆ; ಗೆರೆ ಅನ್ನದಿಂದ ನನ್ನ ಬೆರಳಿನ ಮೇಲಕ್ಕೆ ಬಂತು. ತಲೆಯೆತ್ತಿದರೆ ಸುಣ್ಣದ ಗೋಡೆಯ ಮೇಲೂ ಇತ್ತು. ಅವಳು ಇನ್ನೇನೂ ಕೇಳದೆ ಸಾರು ಬಡಿಸಿದಳು. ಅವಳಿಗೆ ಅವತ್ತೇ ಅರ್ಥವಾಗಿರಬೇಕು. ನನ್ನ ಮಾನ ಕಾಯುವುದು ತನ್ನ ಕೆಲಸ ಎಂದುಕೊಂಡಿದ್ದಳು, ಪಾಪ.

ಹೋಗಿ ಹೇಳಬೇಕೆಂದು ಒಮ್ಮೆ ಹೊರಟದ್ದೂ ಉಂಟು. ಆ ವಾರವೇ, ಭಾನುವಾರ. ಕೋಲಾರದ ಸ್ಟೇಷನ್ನಿನಲ್ಲಿ ಶ್ರೀನಿವಾಸಪುರಕ್ಕೆ ಟಿಕೆಟ್ ಕೊಂಡು ಬೆಂಚಿನ ಮೇಲೆ ಕೂತೆ. ಪರಿಚಯದವರೊಬ್ಬರು ಬಂದು, "ಏನ್ ಮೇಷ್ಟ್ರೇ, ಹರಳು ನೋಡಕ್ಕೆ ಅಲ್ಲೀವರ್ಗೂ ಕರೆಸ್ಕೊಳ್ತಾರಾ ನಿಮ್ಮನ್ನ?" ಎಂದರು. ಹೌದು ಎಂದು ನಕ್ಕೆ. ಚಿಕ್ಕ ರೈಲು ಬಂತು, ನಿಂತಿತು, ಹೋಯಿತು. ನಾನು ಮನೆಗೆ ಬಂದೆ. ಆಮೇಲೆ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ—ಮದುವೆಯೇನೂ ನಿಂತಿಲ್ಲವಲ್ಲ, ಕೆಂಪಿನ ಓಲೆ ಇಟ್ಟು ಮಾಡಿದರಂತಲ್ಲ, ಯಾರಿಗೆ ಏನು ನಷ್ಟವಾಯಿತು? ಜಗಲಿಗೆ ಬರುವವರಿಗೆಲ್ಲ 'ಕಲ್ಲು ನೋಡುವುದನ್ನು ಬಿಟ್ಟೆ, ಸಾಕು ಈ ವ್ಯಾಮೋಹ' ಎಂದುಬಿಟ್ಟೆ. ಎಂಥ ವೈರಾಗ್ಯ ಎಂದು ಜನ ಕೈಮುಗಿದರು. ಅದನ್ನೂ ತೆಗೆದುಕೊಂಡೆ.

ಬರಬರುತ್ತಾ ಎರಡೂ ಕಣ್ಣಿಗೆ ಪೊರೆ ಕವಿಯಿತು. ವಯಸ್ಸಾಯಿತು, ಯಾರಿಗಿಲ್ಲ ಎಂದರು ಎಲ್ಲರೂ. ಪೆನ್ಷನ್ ಆದ ಮೇಲೆ ಬೆಂಗಳೂರಿಗೆ ಹೋಗಿ ಪೊರೆ ತೆಗೆಸಿಕೊಂಡು ಬಂದೆ. ಈಗ ಸೋಡಾ ಬಾಟಲಿಯ ತಳದಂಥ ಕನ್ನಡಕ. ಹೋದ ಕಾರ್ತಿಕದಲ್ಲಿ ಮಾಲೂರಿನಿಂದ ಕಮಲ ಬಂದಳು. ಮಕ್ಕಳೊಂದಿಗಳು, ಗಂಡ ಗಟ್ಟಿಮುಟ್ಟಾಗಿದ್ದಾನೆ. ಸೆರಗಿನಿಂದ ಗಂಟು ಬಿಚ್ಚಿ ಅದೇ ಓಲೆಯನ್ನು ಇಟ್ಟಳು.

"ಅಮ್ಮ ಇದನ್ನ ಕೆರೆಗೆ ಹಾಕ್ಬಿಡು ಅಂತಿದಾರೆ. ಮಾರಕ್ಕೂ ಬಿಡಲ್ಲ, ಇನ್ನೊಬ್ಬಳ ಗಂಡನ್ನ ಯಾಕೆ ಕೊಲ್ಬೇಕು ಅಂತಾರೆ. ಎಸೆಯೋಕ್ ಮುಂಚೆ ನಿಮ್ಮನ್ನ ಒಂದ್ಮಾತು ಕೇಳೋಣ ಅಂತ ಬಂದೆ" ಎಂದಳು. ಹೇಳುತ್ತಾ ಹೋದಳು. ಆಕೆ ಹನ್ನೊಂದು ವರ್ಷದಿಂದ ಯಾರ ಮದುವೆಗೂ ಹೋಗಿಲ್ಲ. ಮಗಳ ಮದುವೆಯಲ್ಲೇ ಅಡುಗೆಮನೆ ಬಿಟ್ಟು ಆಚೆ ಬರಲಿಲ್ಲ. ಗಂಡನ ತಿಥಿಯ ದಿನ ನೀರೂ ಮುಟ್ಟುವುದಿಲ್ಲ. ಯಾರಾದರೂ ಶ್ಯಾನುಭೋಗರ ಮಾತೆತ್ತಿದರೆ, 'ಅವ್ರನ್ನ ತಿಂದೋಳು ನಾನೇ' ಎಂದು ಎದ್ದು ಹೋಗುತ್ತಾರಂತೆ. ನಾನು ಯಾರಿಗೆ ಏನು ನಷ್ಟ ಎಂದುಕೊಂಡು ಕೂತಿದ್ದೆನಲ್ಲ, ಅದರ ಲೆಕ್ಕ ಇದು.

ಭೂತಗನ್ನಡಿ ಹುಡುಕಿ ತಂದೆ. ಬೆಳಗಿನ ಬೆಳಕು ಚೆನ್ನಾಗಿತ್ತು. ಎರಡು ಕಲ್ಲೂ ತಿಳಿನೀರಿನ ಹಾಗಿದ್ದವು. ಅಂಥ ಕಲ್ಲನ್ನು ನನ್ನ ಆಯಸ್ಸಿನಲ್ಲಿ ಹತ್ತು ಸಲ ಕೂಡ ನೋಡಿಲ್ಲ. ಕಮಲಳಿಗೆ ಎಲ್ಲವನ್ನೂ ಹೇಳಿದೆ, ಗೆರೆ ತಿರುಗದಿದ್ದದ್ದನ್ನೂ ಸೇರಿಸಿ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಬೇಕೆಂದು ಆಸೆಯಾಗಿತ್ತು. ಅವಳು ಓಲೆಯನ್ನು ಗಂಟು ಕಟ್ಟಿಕೊಂಡು, "ಅಮ್ಮನಿಗೆ ನೀವೇ ಬಂದು ಹೇಳಿ" ಎಂದಷ್ಟೇ ಹೇಳಿದಳು.

ಈ ಸಲ ರೈಲು ಹತ್ತಿದೆ. ವೆಂಕಟಲಕ್ಷ್ಮಮ್ಮ ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಧ್ವನಿಯಿಂದ ನನ್ನ ಗುರುತು ಹಿಡಿದು ಎದ್ದು ಮಣೆ ಹಾಕಿದರು. ಆ ಮರ್ಯಾದೆ ಕಂಡು ನನಗೆ ನಾಚಿಕೆಯಾಯಿತು. ನಿಂತೇ ಹೇಳಿದೆ. ತಪ್ಪು ಕಲ್ಲಿನದಲ್ಲ, ನನ್ನ ಕಣ್ಣಿನದು. ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದೆ. ನಿಮ್ಮ ಯಜಮಾನರಿಗೆ ಬಂದದ್ದು ಜ್ವರ, ಅದಕ್ಕೂ ನಿಮಗೂ ಸಂಬಂಧವಿಲ್ಲ. ಒಂದೂ ಬಿಡದೆ ಹೇಳಿದೆ. ಆಕೆ ಕೈಯಲ್ಲಿದ್ದ ಕಾಯಿಯನ್ನು ಬಿಡಿಸದೆ ಹಾಗೇ ಹಿಡಿದುಕೊಂಡು ಕೇಳಿದರು. ಮುಖದಲ್ಲಿ ಏನೋ ಒಂದು ಗಳಿಗೆ ಸಡಿಲವಾದಂತೆ ಕಂಡಿತು. ಆಮೇಲೆ ನಕ್ಕರು.

"ನೀವು ದೊಡ್ಡ ಮನಸ್ಸಿನೋರು ಮೇಷ್ಟ್ರೇ. ಈ ಮುದುಕಿಗೆ ಸಾಯೋ ಮುಂಚೆ ಸಮಾಧಾನ ಆಗ್ಲಿ ಅಂತ ಎಲ್ಲಾ ನಿಮ್ಮ ಮೇಲೆ ಹಾಕ್ಕೋತಿದೀರಿ. ಕಮಲಾನೇ ಕಳಿಸಿರ್ಬೇಕು."

"ಹಾಗಲ್ಲಮ್ಮ. ಓಲೆ ತರಿಸಿ, ಭೂತಗನ್ನಡಿ ಕೊಡ್ತೀನಿ, ನೀವೇ ನೋಡಿ."

"ನನ್ನ ಕಣ್ಣಿಗೆ ಈಗ ಕೈ ಬೆರಳೇ ಕಾಣಲ್ಲ. ನನಗೇನ್ ಕಾಣುತ್ತೆ ಅದ್ರಲ್ಲಿ?"

ದೇವರ ಮೇಲೆ ಆಣೆ ಮಾಡುತ್ತೇನೆ ಎಂದೆ. ಆಕೆ ಕೈ ಅಡ್ಡ ತಂದು ತಡೆದರು. "ಆಣೆ ಇಡ್ಬೇಡಿ. ನನಗೋಸ್ಕರ ನೀವ್ಯಾಕೆ ಸುಳ್ಳಾಣೆ ಪಾಪ ಕಟ್ಕೋತೀರಿ? ಕೋಲಾರದ ಮೇಷ್ಟ್ರ ಕಣ್ಣು ತಪ್ಪಲ್ಲ ಅಂತ ಲೋಕಕ್ಕೇ ಗೊತ್ತು."

ಯಾವ ಹೆಸರು ಉಳಿಯಲಿ ಎಂದು ಹನ್ನೊಂದು ವರ್ಷ ಬಾಯಿ ಹೊಲಿದುಕೊಂಡಿದ್ದೆನೋ ಅದೇ ಹೆಸರು ನನ್ನ ನಿಜವನ್ನು ಆಕೆಯ ಹತ್ತಿರ ಬಿಡಲಿಲ್ಲ. ಹೊರಡುವಾಗ ಆಕೆ ಸುಲಿದ ಅವರೆಕಾಳನ್ನು ಎಲೆಯಲ್ಲಿ ಕಟ್ಟಿ, ಮನೆಯವರಿಗೆ ಕೊಡಿ ಎಂದು ನನ್ನ ಕೈಗಿಟ್ಟರು. ಬೇಡ ಎನ್ನಲೂ ಆಗಲಿಲ್ಲ. ಆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಕೋಲಾರದವರೆಗೂ ಕೂತಿದ್ದೆ. ದಣಿವು. ಅಳುವುದಕ್ಕೂ ಆಗದಷ್ಟು ದಣಿವು.

ಅದಕ್ಕೇ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಕ್ಷಮೆ ಕೇಳುವುದಕ್ಕಲ್ಲ, ಕೇಳಿದರೆ ಆಕೆ ಕೊಟ್ಟೇಬಿಡುತ್ತಾರೆ, ಅದು ನನಗೆ ಬೇಡ. ಆಕೆಗೆ ಓದು ಬರುವುದಿಲ್ಲ. ಶ್ರೀನಿವಾಸಪುರದ ಕಡೆಯವರು ಯಾರಾದರೂ ಇದನ್ನು ಓದಿದರೆ ಹೋಗಿ ಓದಿ ಹೇಳಿ. ಒಬ್ಬರು ಹೇಳಿದರೆ ಸಾಲದು, ಹತ್ತು ಜನ ಹೇಳಿ. ಮೇಷ್ಟ್ರು ಒಳ್ಳೆಯವರು, ಪಾಪ, ಎಂದು ನಡುವೆ ಸೇರಿಸಬೇಡಿ. 'ಆ ಮೇಷ್ಟ್ರಿಗೆ ಆಗ ಕಣ್ಣು ಕಾಣುತ್ತಿರಲಿಲ್ಲ, ಗೊತ್ತಿದ್ದೂ ಸುಳ್ಳು ಹೇಳಿದ' ಎಂದು ಏಕವಚನದಲ್ಲೇ ಹೇಳಿ. ನನ್ನ ಮೇಲೆ ಆಕೆಗಿರುವ ನಂಬಿಕೆ ಪೂರ್ತಿ ಹೋಗಬೇಕು. ಅದು ಹೋದರೆ, ಹನ್ನೊಂದು ವರ್ಷದ ಹಿಂದೆ ನಮ್ಮ ಜಗಲಿಯಲ್ಲಿ ನಾನು ಆಡಿದ ಮಾತೂ ಅದರ ಜೊತೆಗೇ ಹೋಗುತ್ತದೆ.