ಮುಗಿಸುವುದನ್ನು ಮೊದಲು ಕಲಿಸಿದ ಕಾಕಿ

ಅಕ್ಷತಾ, ಸುಜಯ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಮ್ಮ ಪಕ್ಕದ ಮನೆಯ ಕಾಕಿಯ ಹೆಬ್ಬೆರಳು ತಂಬಾಕಿನ ಎಲೆ ಆರಿಸಿ ಆರಿಸಿ ಕಂದುಗಟ್ಟಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಕೈಯೇ ನನಗೆ ಚದುರಂಗ ಕಲಿಸಿತು.

ನಿಮ್ಮ ಅಜ್ಜ ತೀರಿಕೊಂಡ ವರ್ಷ ಅದು. ಬೇಡಕಿಹಾಳದ ಆ ಮನೆಯಲ್ಲಿ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದೆ. ಕಾಕಿ ಗೋಡೆಯಾಚೆಯಿಂದ ಕೂಗಿದರು.

"ಅಂಗಳ ಸವದ ಹೋದೀತ ಬೇ. ಬಾ, ಇಲ್ಲಿ ಕುಂಡ್ರ."

ಮಣೆಯ ಮೇಲೆ ಇಟ್ಟದ್ದು ಎರಡು ರಾಜ, ಒಂದು ಕಾಲಾಳು.

"ಉಳದ ಕಾಯಿ ಎಲ್ಲಿ ಅದಾವ್ರಿ?"

"ಅವು ಆಮ್ಯಾಲ. ಚಾಲೂ ಮಾಡಾಕ ಎಲ್ಲಾರಿಗೂ ಬರತೈತಿ. ಮುಗಸೂದು ಮೊದಲ ಕಲಿ."

ಅವರದು ಹೊತ್ತು ಮುಳುಗುವ ಮೊದಲೇ ಉಣ್ಣುವ ಜೈನರ ಮನೆ. ಆಟ ಅರ್ಧವಿದ್ದರೂ ಎದ್ದುಬಿಡುತ್ತಿದ್ದರು. ನಾನು ಒಳಗೊಳಗೇ ಕುದಿಯುತ್ತಿದ್ದೆ. ಎರಡು ತಿಂಗಳು ಅದೇ ಕಾಲಾಳು. ಅವಸರದಿಂದ ಮುಂದೆ ತಳ್ಳಿದರೆ ಕೈಗೊಂದು ಪೆಟ್ಟು. "ಬಸ್ ಹೊಂಟೈತೇನ? ಮೊದಲ ರಾಜನ್ನ ನಡಸು."

ಉಳಿದ ಕಾಯಿಗಳನ್ನೂ ಕಲಿತ ಮೇಲೆ, ಚಿಕ್ಕೋಡಿಯಲ್ಲಿ ಹೆಂಗಸರ ಚದುರಂಗ ಪಂದ್ಯವೆಂದು ತಿಳಿದಾಗ ಕಾಕಿಯೇ ನನ್ನ ಹೆಸರು ಬರೆಸಿದರು. ಅಂಜಿಕೆ ಇತ್ತು, ಆಸೆಯೂ ಇತ್ತು. ಎಲ್ಲರ ಬಾಯಲ್ಲೂ ನಾನು ಗಂಡ ಸತ್ತವಳು. ಒಮ್ಮೆಯಾದರೂ ಗೆದ್ದವಳೆಂದು ನನ್ನ ಹೆಸರು ಕರೆಯಲಿ ಎಂದುಕೊಂಡೆ.

ಕೊನೆಯ ಆಟ ಅಥಣಿಯ ಒಬ್ಬ ಟೀಚರ್ ಜೊತೆ. ಗೆದ್ದವಳಿಗೆ ಬಹುಮಾನ, ಸಮವಾದರೆ ಅಂಕದಲ್ಲಿ ಮುಂದಿದ್ದ ಅವರಿಗೆ. ಆಡುತ್ತ ಆಡುತ್ತ ಉಳಿದದ್ದು ಎರಡು ರಾಜ, ನನ್ನದೊಂದು ಕಾಲಾಳು. ಕಾಕಿ ಕಲಿಸಿದ ಆಟವೇ! ಕಾಲಾಳನ್ನು ಕೊನೆಯ ಮನೆ ಮುಟ್ಟಿಸಿದೆ. ಕಾಕಿ ಕಲಿಸಿದ್ದ ನಮ್ಮ ಓಣಿಯ ಹಳೇ ಕಟ್ಟಳೆಯಲ್ಲಿ ಕಾಲಾಳು ಯಾವ ಕಾಯಿಯ ಮನೆ ಮುಟ್ಟುತ್ತದೋ ಆ ಕಾಯಿಯೇ ಆಗಬೇಕು. ಅದು ಒಂಟೆಯ ಮನೆ. ಒಂಟೆ ಇಟ್ಟೆ.

ಟೀಚರ್ ಕಣ್ಣರಳಿಸಿದರು. "ವಜೀರ ಇಡಬೇಕಿಲ್ರಿ ಅಕ್ಕಾರ? ಇಲ್ಲಿ ಯಾವ ಮನ್ಯಾಗೂ ವಜೀರ ನಡೀತೈತಿ. ನಾ ಸೋತೆ ಅನ್ನಾಕಿದ್ದೆ."

ವಜೀರ, ಅಂದರೆ ರಾಣಿ, ಇದ್ದಿದ್ದರೆ ಗೆಲುವು ನನ್ನದು; ಒಂಟೆಯೊಂದರಿಂದ ರಾಜನನ್ನು ಕಟ್ಟಿಹಾಕಲಾಗದು. ಆಟ ಸಮ. ಅವರ ಹೆಸರು ಕರೆದರು.

ಊರಿಗೆ ಬಂದು ಕಾಕಿಯ ಮುಂದೆ ಸಿಟ್ಟನ್ನೆಲ್ಲ ಕಾರಿಕೊಂಡೆ. ಮರುದಿನ ಬೆಳಿಗ್ಗೆ, ಹಾಲು ಕಾಯಿಸುವುದರೊಳಗೇ, ಅವರು ಮಣೆ ಹಿಡಿದು ನಮ್ಮ ಹೊಸ್ತಿಲಲ್ಲಿ ನಿಂತಿದ್ದರು.

"ತಪ್ಪು ನಂದು, ತಂಗಿ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂತ ಕಲಿಸೇನಿ. ಇವತ್ತಿಂದ ನೀ ಕಲಸಾಕಿ, ನಾ ಕಲ್ಯಾಕಿ."

ಎಪ್ಪತ್ತರ ಮುದುಕಿ ನನ್ನೆದುರು ಕಾಲು ಮಡಚಿ ಕೂತರು. ಕಾಲಾಳು ಒಂಟೆಯ ಮನೆ ಮುಟ್ಟಿದಾಗಲೆಲ್ಲ ಅವರ ಕೈ ಒಂಟೆಯ ಕಡೆಗೇ ಹೋಗುವುದು. "ಹಳೇ ಎತ್ತು, ಹಳೇ ದಾರಿ" ಎಂದು ತಮ್ಮ ಕೈಗೆ ತಾವೇ ಹೊಡೆದುಕೊಂಡು ನಗುವರು. ವಜೀರನನ್ನು ಇಡುವ ರೂಢಿಯಾಗುವಷ್ಟರಲ್ಲಿ ಚಾತುರ್ಮಾಸ ಬಂತು. ಆ ಚಾತುರ್ಮಾಸ ಮುಗಿಯುವ ಮೊದಲೇ ಕಾಕಿ ತೀರಿಹೋದರು.

ನಾನು ಮತ್ತೆ ಯಾವ ಪಂದ್ಯಕ್ಕೂ ಹೋಗಲಿಲ್ಲ. ಆದರೆ ಅಲ್ಲಿಯವರೆಗೆ ಯಾವ ಹಿರಿಯರೂ ನನ್ನ ಮನೆಗೆ ಬಂದು 'ತಪ್ಪು ನನ್ನದು' ಎಂದಿರಲಿಲ್ಲ. ಅದನ್ನು ನೆನೆದು ನಿಮ್ಮ ಅಪ್ಪನ ಮುಂದೆ ನಾನೂ ಎರಡು ಸಲ ಹಾಗೆ ಹೇಳಿದ್ದೇನೆ. ಕಷ್ಟವಾಯಿತು, ಹೇಳಿದೆ. ಈ ಹಾಳೆಗಳನ್ನು ಎಲ್ಲೋ ಬಿಸಾಡಬೇಡಿ ಮಕ್ಕಳೇ, ಜೋಪಾನವಾಗಿಡಿ. ಕಾಕಿಯ ಬಗ್ಗೆ ಬರೆದವರು ಬೇರೆ ಯಾರೂ ಇಲ್ಲ.